ಕಡಿಮೆ ಖರ್ಚಿನಲ್ಲಿ ಹಿತ್ತಲು: ಮೊದಲ ಹಣ ಮಣ್ಣಿಗೂ ನೀರಿಗೂ ಹೋಗಲಿ

ಕೇಳಿದವರು, ಕೋಲಾರ ನಗರದ ಹೊರವಲಯದಿಂದ

ಹೋದ ವರ್ಷ ಮನೆ ಕಟ್ಟಿ ಮುಗಿಸಿದೆವು. ಹಿಂಬದಿಯಲ್ಲಿ 30 ಅಡಿ ಅಗಲ, 16 ಅಡಿ ಉದ್ದದ ಜಾಗ ಉಳಿದಿದೆ. ಕಟ್ಟಡದ ಡೆಬ್ರಿ, ಜಲ್ಲಿ, ಒಣಗಿದ ಸಿಮೆಂಟು ಅಲ್ಲೇ ಬಿದ್ದಿವೆ. ಅತ್ತೆಯವರಿಗೆ ಪೂಜೆಯ ಹೂವು ಬೇಕು, ನನಗೆ ಸೊಪ್ಪು ತರಕಾರಿ ಬೇಕು, ಮಕ್ಕಳಿಗೆ ಸ್ವಲ್ಪ ಆಡುವ ಜಾಗ ಬೇಕು. ನಲ್ಲಿ ನೀರು ವಾರಕ್ಕೊಮ್ಮೆ ಮಾತ್ರ ಬರುತ್ತದೆ. ಕೈಯಲ್ಲಿರುವುದು 25,000 ರೂಪಾಯಿ. ಹುಲ್ಲುಹಾಸು ಹಾಕಿಸಿ ಉಳಿದ ಜಾಗಕ್ಕೆ ಟೈಲ್ಸ್ ಹಾಕಿಸುವುದು ಒಳ್ಳೆಯದೆಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ, ಮಾಲೂರಿನಿಂದ

ಅಕ್ಕಾ, ಆ ಗುತ್ತಿಗೆದಾರರ ಮಾತಿಗೆ ಈಗಲೇ ಒಪ್ಪಬೇಡಿ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 700ರಿಂದ 750 ಮಿಲಿಮೀಟರ್, ಅದರಲ್ಲೂ ಅತಿ ಹೆಚ್ಚು ಮಳೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬರುತ್ತದೆ. ವಾರಕ್ಕೊಮ್ಮೆ ನೀರು ಬರುವ ಮನೆಯಲ್ಲಿ ಬೇಸಿಗೆಯ ಹುಲ್ಲುಹಾಸನ್ನು ಹಸಿರಾಗಿ ಉಳಿಸಿಕೊಳ್ಳಲು ಹೊರಟರೆ ಕುಡಿಯುವ ನೀರಿಗೇ ಕೈ ಹಾಕಬೇಕಾಗುತ್ತದೆ. ಸಿಮೆಂಟಿನ ಮೇಲೆ ಕೂರಿಸಿದ ಟೈಲ್ಸ್ ಹಗಲೆಲ್ಲ ಕಾದು ಸಂಜೆಯವರೆಗೂ ಮನೆಯ ಹಿಂಗೋಡೆಗೆ ಬಿಸಿ ಬಿಡುತ್ತದೆ, ಜೊತೆಗೆ ಬಿದ್ದ ಮಳೆಯನ್ನೆಲ್ಲ ಚರಂಡಿಗೆ ಸಾಗಿಸುತ್ತದೆ. ನಿಮ್ಮ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮಣ್ಣಿಗೂ ಮಳೆನೀರಿಗೂ ಮೀಸಲಿಡಿ ಎಂಬುದೇ ನಾನು ಹೇಳಬೇಕಾದ ಮುಖ್ಯ ಮಾತು. ಗಿಡಗಳಿಗೆ ಅಷ್ಟು ಖರ್ಚಾಗುವುದಿಲ್ಲ. ದಾಸವಾಳ, ನಂದಿಬಟ್ಟಲು, ಮಲ್ಲಿಗೆ, ದೊಡ್ಡಪತ್ರೆಗಳ ಕಡ್ಡಿಯನ್ನು ನೆರೆಹೊರೆಯವರೇ ಸಂತೋಷದಿಂದ ಕೊಡುತ್ತಾರೆ.

ಮೊದಲು ಡೆಬ್ರಿಯನ್ನು ಆರಿಸಿ. ಇಟ್ಟಿಗೆ ಚೂರು, ಜಲ್ಲಿ ಮತ್ತು ಕಲ್ಲುಗಳನ್ನು ಒಂದು ಕಡೆ ಗುಡ್ಡೆ ಹಾಕಿಸಿ, ಅವುಗಳಿಗೆ ಮುಂದೆ ಕೆಲಸವಿದೆ. ಆದರೆ ಗಾರೆಯ ಹೆಂಟೆ, ಸುಣ್ಣ ಮತ್ತು ಸಿಮೆಂಟು ಪುಡಿಯನ್ನು ಪೂರ್ತಿಯಾಗಿ ಹೊರಗೆ ಸಾಗಿಸಲೇಬೇಕು. ಅವು ಮಣ್ಣಿನಲ್ಲಿ ಉಳಿದರೆ ಮಣ್ಣು ಕ್ಷಾರವಾಗುತ್ತದೆ, ಗಿಡಕ್ಕೆ ಕಬ್ಬಿಣದ ಅಂಶ ಸಿಗದಂತಾಗುತ್ತದೆ. ಹೊಸ ಮನೆಗಳ ಹಿತ್ತಲಿನಲ್ಲಿ ನಿಂಬೆ ಮತ್ತು ಕರಿಬೇವಿನ ಎಳೆಯ ಎಲೆ ಹಳದಿಗೆ ತಿರುಗಿ ನರ ಮಾತ್ರ ಹಸಿರಾಗಿ ಕಾಣುವುದು ಬಹುಪಾಲು ಈ ಕಾರಣದಿಂದಲೇ, ಅದಕ್ಕೆ ಎಷ್ಟು ಗೊಬ್ಬರ ಹಾಕಿದರೂ ಫಲವಿಲ್ಲ.

ಜಾಗ ಸ್ವಚ್ಛವಾದ ಮೇಲೆ ಹಾರೆ, ಗುದ್ದಲಿಗಳಿಂದ ಒಂದೂವರೆ ಅಡಿ ಆಳಕ್ಕೆ ಅಗೆಸಿ. ಲಾರಿ, ಮಿಕ್ಸರುಗಳು ಓಡಾಡಿ ಗಟ್ಟಿಯಾದ ಕೆಮ್ಮಣ್ಣಿನಲ್ಲಿ ಬೇರು ಇಳಿಯುವುದಿಲ್ಲ. ಬೇಸಿಗೆಯಲ್ಲಿ ಹೂಳೆತ್ತುವ ಕೆರೆಯಿಂದ ಅನುಮತಿ ಪಡೆದು ಒಂದು ಟ್ರ್ಯಾಕ್ಟರ್ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ತರಿಸಿಕೊಳ್ಳಿ, ಅಷ್ಟೇ ಪ್ರಮಾಣದಲ್ಲಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ ತರಿಸಿ. ಗೋಡು ಒಳ್ಳೆಯದೆಂದು ಅದನ್ನೇ ದಪ್ಪವಾಗಿ ಹರಡಿಬಿಟ್ಟರೆ ಬೇಸಿಗೆಯಲ್ಲಿ ಅಂಗೈ ಹಿಡಿಸುವಷ್ಟು ಅಗಲದ ಬಿರುಕು ಬಿಡುತ್ತದೆ. ಇರುವ ಕೆಮ್ಮಣ್ಣು ಎರಡು ಪಾಲು, ಗೋಡು ಒಂದು ಪಾಲು, ಗೊಬ್ಬರ ಒಂದು ಪಾಲು ಬೆರೆಸಿದರೆ ಮಣ್ಣು ಮೆತ್ತಗೂ ಇರುತ್ತದೆ, ತೇವವನ್ನೂ ಹಿಡಿಯುತ್ತದೆ. ಗೋಡಿನ ಜೊತೆ ಜೇಕು ಎಂಬ ಕಳೆಯ ಗಡ್ಡೆ ಬರುವುದುಂಟು. ಮೊದಲ ಮಳೆಗೆ ಅದು ಚಿಗುರಿದಾಗ ಗಡ್ಡೆಸಮೇತ ಕಿತ್ತು, ಆ ಮೇಲೆಯೇ ಮಡಿ ಮಾಡಿಕೊಳ್ಳಿ.

ಈಗ ನೀರು. ನಿಮ್ಮ ತಾರಸಿ 900 ಚದರಡಿ ಇದೆ ಎಂದುಕೊಂಡರೆ ಒಂದು ಇಂಚು ಮಳೆಗೆ ಸುಮಾರು 2,000 ಲೀಟರ್ ನೀರು ಪೈಪಿನಿಂದ ಇಳಿಯುತ್ತದೆ. ಅದನ್ನೆಲ್ಲ ಹಿಡಿದಿಡುವ ತೊಟ್ಟಿ ಕಟ್ಟಿಸಲು ನಿಮ್ಮ ಹಣ ಸಾಲದು, ಕಟ್ಟಿಸುವ ಅಗತ್ಯವೂ ಇಲ್ಲ. ಹಳೆಯ 200 ಲೀಟರಿನ ಎರಡು ಡ್ರಮ್ಮು ಇಟ್ಟು, ತುಂಬಿ ಹೊರಳಿದ ನೀರು ಕಾಂಪೌಂಡಿನ ಉದ್ದಕ್ಕೆ ತೆಗೆದ ಎರಡಡಿ ಅಗಲ, ಎರಡಡಿ ಆಳದ ಟ್ರೆಂಚಿಗೆ ಇಳಿಯುವಂತೆ ಮಾಡಿ. ಆರಿಸಿಟ್ಟ ಇಟ್ಟಿಗೆ ಚೂರು ಮತ್ತು ಜಲ್ಲಿ ಆ ಟ್ರೆಂಚಿನ ತಳಕ್ಕೆ ಹೋಗಲಿ. ಟ್ರೆಂಚು ಮನೆಯ ಪಾಯದಿಂದಲೂ ಕುಡಿಯುವ ನೀರಿನ ಸಂಪಿನಿಂದಲೂ ದೂರವಿರಬೇಕು, ಕಾಂಪೌಂಡಿನ ಪಾಯದಿಂದಲೂ ಮೂರಡಿ ಬಿಡಬೇಕು. ಡ್ರಮ್ಮು ಕೊಳ್ಳುವಾಗ ಮೊದಲು ಅದರಲ್ಲಿ ಏನಿತ್ತೆಂದು ಕೇಳಿ, ರಾಸಾಯನಿಕ ತುಂಬಿದ್ದನ್ನು ಎಷ್ಟೇ ಅಗ್ಗವಾದರೂ ತರಬೇಡಿ.

ದಾರಿಗೆ ನಮ್ಮ ಊರಿನ ಇಟ್ಟಿಗೆಗೂಡುಗಳಲ್ಲಿ ಮೂಲೆ ಮುರಿದ, ಹೆಚ್ಚು ಬೆಂದ ಇಟ್ಟಿಗೆ ಅಗ್ಗವಾಗಿ ಸಿಗುತ್ತದೆ. ಹೆಚ್ಚು ಬೆಂದದ್ದು ಕಪ್ಪಗೆ, ಸೊಟ್ಟಗಿದ್ದರೂ ಮಳೆಗೆ ಕರಗುವುದಿಲ್ಲ. ಎರಡು ಇಂಚು ಮರಳು ಹಾಸಿ, ಇಟ್ಟಿಗೆಯನ್ನು ಮಗ್ಗುಲಾಗಿ ಒತ್ತೊತ್ತಾಗಿ ನಿಲ್ಲಿಸಿ, ಸಂದಿಗೆ ಮರಳು ಗುಡಿಸಿದರೆ ಸಾಕು, ಸಿಮೆಂಟು ಬೇಡ. ಆದರೆ ದಾರಿಯನ್ನು ಒಂದು ಮಳೆಗಾಲ ಕಳೆದ ಮೇಲೆಯೇ ಹಾಸಿ. ನೀರು ಎಲ್ಲಿ ನಿಲ್ಲುತ್ತದೆ, ಮನೆಯವರು ಬಟ್ಟೆ ಒಣಹಾಕಲು ಯಾವ ಕಡೆಯಿಂದ ನಡೆಯುತ್ತಾರೆ ಎಂಬುದು ಅಷ್ಟರಲ್ಲಿ ನೆಲದ ಮೇಲೆಯೇ ಕಾಣುತ್ತದೆ.

ಎರಡನೆಯ ಉತ್ತರ, ತುಮಕೂರಿನಿಂದ

ಮಾಲೂರಿನವರ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಮೂರು ವಿಷಯಗಳನ್ನು ಸೇರಿಸುತ್ತೇನೆ. ತಮ್ಮ ಹಿತ್ತಲು ಮನೆಯ ಯಾವ ದಿಕ್ಕಿಗಿದೆ ಎಂದು ತಾವು ಬರೆದಿಲ್ಲ. ಉತ್ತರಕ್ಕಿದ್ದರೆ ಯೋಜನೆಯೇ ಬೇರೆಯಾಗುತ್ತದೆ. ನಮ್ಮ ಭಾಗದಲ್ಲಿ ಡಿಸೆಂಬರಿನ ನಡುಹಗಲಿನಲ್ಲಿಯೂ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಹತ್ತಡಿ ಎತ್ತರದ ಗೋಡೆಯ ನೆರಳು ಏಳೂವರೆ ಅಡಿಯಷ್ಟು ಚಾಚುತ್ತದೆ. ಮಹಡಿ ಮನೆಯಾಗಿ ಗೋಡೆ ಇಪ್ಪತ್ತಡಿ ಇದ್ದರೆ ತಮ್ಮ 16 ಅಡಿಯ ಹಿತ್ತಲು ಚಳಿಗಾಲದಲ್ಲಿ ಬಹುಪಾಲು ನೆರಳಲ್ಲೇ ಉಳಿಯುತ್ತದೆ. ಅಂಥಲ್ಲಿ ಟೊಮೆಟೊ, ಬದನೆ, ಸೇವಂತಿಗೆ ಹಾಕಿ ಬೇಸರಪಡುವ ಬದಲು ಗೋಡೆಯ ಬದಿಗೆ ಒಂದೆಲಗ, ದೊಡ್ಡಪತ್ರೆ, ಬಸಳೆ, ವೀಳ್ಯದೆಲೆ ಹಾಕಬಹುದು. ಮಕ್ಕಳ ಆಟಕ್ಕೂ ಆ ನೆರಳಿನ ಪಟ್ಟಿಯನ್ನೇ ಬಿಟ್ಟು, ಕಾಂಪೌಂಡಿನ ಕಡೆಯ ಬಿಸಿಲಿನ ಅಂಚನ್ನು ತರಕಾರಿ ಮತ್ತು ಹೂವಿಗೆ ಇಟ್ಟುಕೊಳ್ಳಬಹುದು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ಉತ್ತರಕ್ಕೆ ಸರಿದಿರುತ್ತಾನಾದ್ದರಿಂದ ಆಗ ಅದೇ ಜಾಗಕ್ಕೆ ನೇರ ಬಿಸಿಲು ಬೀಳುತ್ತದೆ ಎಂಬುದನ್ನೂ ನೆನಪಿಡಿ.

ಇನ್ನೊಂದು ತೆಂಗಿನ ಸಿಪ್ಪೆಯ ವಿಷಯ. ನಮ್ಮ ಕಡೆ, ಅದರಲ್ಲೂ ತಿಪಟೂರು, ಗುಬ್ಬಿ ತಾಲ್ಲೂಕುಗಳಲ್ಲಿ, ಕಾಯಿ ಸುಲಿಯುವ ಜಾಗದಲ್ಲಿ ಇದಕ್ಕೆ ಬರವಿಲ್ಲ. ತಮ್ಮಲ್ಲಿಯೂ ಎಳನೀರು ಮಾರುವವರನ್ನು ಕೇಳಿದರೆ ಚಿಪ್ಪುಗಳನ್ನು ಕೊಟ್ಟಾರು, ಒಣಗಿಸಿ ಬಳಸಬಹುದು. ಟ್ರೆಂಚಿನಲ್ಲಿ ಜಲ್ಲಿಯ ಮೇಲೆ ಸಿಪ್ಪೆಗಳನ್ನು ನಾರಿನ ಒಳಮೈ ಮೇಲಕ್ಕೆ ಬರುವಂತೆ, ಬೋಗುಣಿಯ ಹಾಗೆ ಜೋಡಿಸಿ ಪದರ ಪದರಕ್ಕೂ ಮಣ್ಣು ಹಾಕಬೇಕು, ಆಗ ಅವು ನೀರನ್ನು ಹಿಡಿದುಕೊಳ್ಳುತ್ತವೆ. ಗಿಡದ ಪಾತಿಯ ಮೇಲೆ ಹೊದಿಸುವಾಗ ಮಾತ್ರ ತಿರುಗಿಸಿ, ಹೊರಮೈ ಮೇಲಿರುವಂತೆ ಬೋರಲು ಹಾಕಬೇಕು. ಮೇಲೆ ಬಟ್ಟಲಂತೆ ತೆರೆದಿಟ್ಟರೆ ಅದರಲ್ಲಿ ನೀರು ನಿಂತು ಸೊಳ್ಳೆಯಾಗುತ್ತದೆ. ಅಂಗಡಿಯಿಂದ ತೆಂಗಿನ ನಾರಿನ ಪುಡಿ ತಂದರೆ ಹಸಿಯಾಗಿಯೇ ಮಣ್ಣಿಗೆ ಬೆರೆಸದೆ ಎರಡು ಮೂರು ಬಾರಿ ತೊಳೆದು, ಗೊಬ್ಬರದ ಜೊತೆ ಕೊಳೆಯಿಸಿ ಹಾಕಬೇಕು.

ಅಡುಗೆಮನೆಯ ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೇರವಾಗಿ ಗಿಡಕ್ಕೆ ಹಾಕಿ. ಪಾತ್ರೆ ತೊಳೆದ ನೀರಿಗೆ ಜಲ್ಲಿ ಮತ್ತು ಮರಳು ತುಂಬಿದ ಸಣ್ಣ ಗುಂಡಿ ಮಾಡಿ, ಅದರ ಬದಿಗೆ ಬಾಳೆಯ ಎರಡು ಕಂದು ನೆಟ್ಟರೆ ಸಾಕು. ಬಟ್ಟೆ ಸೋಪಿನ ಮೊದಲ ನೀರು ಮಾತ್ರ ಹಿತ್ತಲಿಗೆ ಬರಬಾರದು, ಅದರಲ್ಲಿರುವ ಸೋಡಿಯಂ ನಮ್ಮ ಮಣ್ಣನ್ನು ಗಟ್ಟಿ ಮಾಡುತ್ತದೆ.

ಮೂರನೆಯ ಉತ್ತರ, ಚಿಕ್ಕಬಳ್ಳಾಪುರ ಜಿಲ್ಲೆಯಿಂದ

ನಮ್ಮದು ದ್ರಾಕ್ಷಿ ಮತ್ತು ರೇಷ್ಮೆಯ ಸೀಮೆಯಾದ್ದರಿಂದ ಆ ಎರಡರಿಂದ ಹಿತ್ತಲಿಗೆ ಆಗುವ ಉಪಯೋಗವನ್ನು ತಿಳಿಸುತ್ತೇನೆ. ದ್ರಾಕ್ಷಿ ಚಪ್ಪರ ಕಿತ್ತ ತೋಟಗಳಲ್ಲಿ ಹಳೆಯ ಕಲ್ಲುಕೂಚಗಳನ್ನು, ಅಂದರೆ ಕಲ್ಲಿನ ಕಂಬಗಳನ್ನು, ಮಾರುತ್ತಾರೆ. ನಾಲ್ಕು ಕೂಚಗಳನ್ನು ಎರಡಡಿ ಆಳಕ್ಕೆ ಹೂತು, ತಲೆಯ ಮೇಲೆ ತಂತಿ ಹೆಣೆದರೆ ಒಂದು ತಲೆಮಾರು ಬಾಳುವ ಚಪ್ಪರವಾಗುತ್ತದೆ. ಮರದ ಗೂಟದ ಚಪ್ಪರಕ್ಕೆ ಗೆದ್ದಲು ಹತ್ತಿದಂತೆ ಇದಕ್ಕೆ ಹತ್ತುವುದಿಲ್ಲ. ಅದರ ಮೇಲೆ ಹೀರೆ, ಪಡವಲ, ಹಾಗಲ ಹಬ್ಬಿಸಿದರೆ ಕೆಳಗೆ ಮಕ್ಕಳಿಗೆ ಆಡಲು ನೆರಳು, ಮೇಲೆ ತರಕಾರಿ. ನಿಮಗಿರುವ ಜಾಗಕ್ಕೆ ಇದು ತುಂಬ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ದ್ರಾಕ್ಷಿಯನ್ನೇ ಹಬ್ಬಿಸುವ ಆಸೆಯಾಗಬಹುದು, ಆದರೆ ಅದಕ್ಕೆ ಕಾಲಕ್ಕೆ ಸರಿಯಾದ ಚಾಟನಿ (ಕೊಂಬೆ ಕತ್ತರಿಸುವುದು) ಮತ್ತು ರೋಗಕ್ಕೆ ಔಷಧಿ ಬೇಕಾಗುವುದರಿಂದ ಮೊದಲ ವರ್ಷಗಳಲ್ಲಿ ಬೇಡ.

ಶಿಡ್ಲಘಟ್ಟ, ಚಿಂತಾಮಣಿ ಕಡೆ ಹುಳುಮನೆಗಳಿಂದ ರೇಷ್ಮೆಹುಳುವಿನ ಹಿಕ್ಕೆ ಮತ್ತು ತಿಂದುಳಿದ ಕಡ್ಡಿ ಸಿಗುತ್ತದೆ. ಒಳ್ಳೆಯ ಗೊಬ್ಬರವೇ ಹೌದು, ಆದರೆ ಹಸಿಯಾಗಿ ಹಾಕಿದರೆ ಬಿಸಿಯೇರಿ ಬೇರು ಸುಡುತ್ತದೆ, ಆದ್ದರಿಂದ ಕೆಲವು ತಿಂಗಳು ಗುಂಡಿಯಲ್ಲಿ ಕಳಿಯಬೇಕು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ನಿಮ್ಮ ಮಣ್ಣಿನಲ್ಲಿ ಈಗಾಗಲೇ ಸಿಮೆಂಟಿನ ಅಂಶ ಇರುವುದರಿಂದ ಈ ಗೊಬ್ಬರವನ್ನು ನಿಂಬೆ, ಕರಿಬೇವಿಗೆ ಹಾಕದೆ ಸೊಪ್ಪಿನ ಮಡಿಗಳಿಗೆ ಮಿತವಾಗಿ ಬಳಸಿ.

ಮರಗಳ ಆಯ್ಕೆಯಲ್ಲಿ ಕೈ ಬಿಗಿಹಿಡಿಯಿರಿ. ಕರಿಬೇವು, ನಿಂಬೆ, ಪಪ್ಪಾಯಿ ಒಂದೊಂದು ಸಾಕು. ನುಗ್ಗೆಯ ಕೊಂಬೆ ಗಾಳಿಗೆ ಮುರಿಯುವುದರಿಂದ ಮೂಲೆಯಲ್ಲಿರಲಿ, ಎದೆಯೆತ್ತರಕ್ಕೆ ಪ್ರತಿವರ್ಷ ಕತ್ತರಿಸಿ. ತೆಂಗು, ಹಲಸುಗಳಿಗೆ ಈ ಜಾಗ ಸಾಲದು. ಅತ್ತೆಯವರಿಗೆ ದಾಸವಾಳ, ನಂದಿಬಟ್ಟಲು ಮತ್ತು ಕನಕಾಂಬರ ಇದ್ದರೆ ವರ್ಷದ ಬಹುಭಾಗ ದೇವರ ಮುಂದೆ ಹೂವಿರುತ್ತದೆ. ಸಸಿ ಕೊಳ್ಳಲೇಬೇಕಾದಾಗ ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಮೊದಲು ವಿಚಾರಿಸಿ, ರಸ್ತೆಬದಿಯ ನರ್ಸರಿಗಿಂತ ಅಲ್ಲಿ ಬೆಲೆ ಕಡಿಮೆ.

ಕೊನೆಯದಾಗಿ, ಕಾಂಪೌಂಡಿನ ಬಿಸಿಲಿನ ಬದಿಗೆ ಒಂದು ಸಾಲು ಅವರೆ ಹಾಕಿ, ಅದಕ್ಕೆ ಖರ್ಚು ಒಂದು ಹಿಡಿ ಬೀಜದ್ದು ಮಾತ್ರ. ಬೇರಿನ ಗಂಟುಗಳಿಂದ ಸಾರಜನಕ ಸಿಗುವುದರಿಂದ ಹೊಸ ಮಣ್ಣಿಗೂ ಒಳ್ಳೆಯದು. ಆದರೆ ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುತ್ತದೆ, ಆದ್ದರಿಂದ ಜುಲೈ ಅಥವಾ ಆಗಸ್ಟಿನಲ್ಲಿ ಬಿತ್ತಿದರೆ ಡಿಸೆಂಬರಿನ ಇಬ್ಬನಿಯಲ್ಲಿ ಸೊಗಡಿನ ಕಾಯಿ ಸಿಗುತ್ತದೆ. ಬೇರೆ ಕಾಲದಲ್ಲಿ ಬಿತ್ತುವುದಾದರೆ ಹೆಬ್ಬಾಳ ಅವರೆ 3 ಅಥವಾ 4 ತಳಿಯನ್ನು ಕೇಳಿ ಪಡೆಯಿರಿ, ಅವು ಯಾವ ತಿಂಗಳಲ್ಲಾದರೂ ಹೂ ಬಿಡುತ್ತವೆ, ಸೊಗಡು ಮಾತ್ರ ನಾಟಿಯಷ್ಟು ಇರುವುದಿಲ್ಲ.