ಅಪ್‌ಡೇಟ್: ಸ್ಪ್ಯಾನಿಷ್‌ನ ‘ಎಲ್’, ‘ಲಾ’ ಗೊಂದಲ ಬಗೆಹರಿಯಿತು

ಸ್ಪ್ಯಾನಿಷ್‌ನಲ್ಲಿ ನಾಮಪದದ ಮುಂದೆ, ಇಂಗ್ಲಿಷ್‌ನ ‘ದಿ’ ತರಹ, ಪುಲ್ಲಿಂಗಕ್ಕೆ ‘ಎಲ್’, ಸ್ತ್ರೀಲಿಂಗಕ್ಕೆ ‘ಲಾ’ ಬರುತ್ತದೆ. ಹೋದ ವಾರ ಕೇಳಿದ್ದೆ: ‘ಆ’ದಲ್ಲಿ ಮುಗಿಯುವ ಪದ ಸ್ತ್ರೀಲಿಂಗ ಅನ್ನುತ್ತಾರೆ, ಹಾಗಾದರೆ ‘ಪ್ರೊಬ್ಲೆಮಾ’ಗೆ (ಸಮಸ್ಯೆ) ‘ಎಲ್’ ಯಾಕೆ? ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕೊನೆಯ ಅಕ್ಷರ ನೋಡಿ ಊಹಿಸುವ ಸಲಹೆ ನನಗೆ ಸಾಲಲಿಲ್ಲ. ‘ಮಾನೊ’ ಅಂದರೆ ಕೈ, ‘ಒ’ದಲ್ಲಿ ಮುಗಿದರೂ ಅದು ಸ್ತ್ರೀಲಿಂಗ, ‘ಲಾ ಮಾನೊ’. ಕೆಲಸಕ್ಕೆ ಬಂದದ್ದು ಇನ್ನೊಬ್ಬರ ಮಾತು: ಪದವನ್ನು ಒಂಟಿಯಾಗಿ ಕಲಿಯಬೇಡಿ, ‘ಎಲ್’ ಅಥವಾ ‘ಲಾ’ ಸೇರಿಸಿಯೇ ಬಾಯಿಪಾಠ ಮಾಡಿ. ನಮಗೆ ಮೇಜು ‘ಅದು’ ಅಷ್ಟೇ. ಅಲ್ಲಿ ‘ಲಾ ಮೇಸಾ’, ಹೆಣ್ಣು! ಅರ್ಥದಿಂದ ಲಿಂಗ ಹುಡುಕುವ ನಮ್ಮ ಅಭ್ಯಾಸವೇ ನನ್ನನ್ನು ಜಾಸ್ತಿ ಕಾಡಿದ್ದು. ‘ಪ್ರೊಬ್ಲೆಮಾ’, ‘ಸಿಸ್ತೆಮಾ’ (ವ್ಯವಸ್ಥೆ), ‘ತೆಮಾ’ (ವಿಷಯ) ಗ್ರೀಕ್ ಮೂಲದವು, ಅದಕ್ಕೇ ಪುಲ್ಲಿಂಗ. ಆದರೆ ‘ಮಾ’ದಲ್ಲಿ ಮುಗಿಯುವುದೆಲ್ಲ ಹಾಗಲ್ಲ, ಹಾಸಿಗೆ ‘ಲಾ ಕಾಮಾ’.

ತುಂಬಾ ಆಶ್ಚರ್ಯವಾದದ್ದು ನೀರು. ‘ಎಲ್ ಆಗ್ವಾ’ ಅಂದರೂ ಅದು ಸ್ತ್ರೀಲಿಂಗವೇ! ಪದದ ಶುರುವಿನಲ್ಲೇ ಒತ್ತಿ ಹೇಳುವ ‘ಆ’ ಇದೆ, ಅದಕ್ಕೆ ‘ಲಾ’ ಬದಲು ‘ಎಲ್’. ತಣ್ಣೀರು ‘ಎಲ್ ಆಗ್ವಾ ಫ್ರಿಯಾ’, ಬಹುವಚನ ‘ಲಾಸ್ ಆಗ್ವಾಸ್’. ಎಷ್ಟು ಚೆನ್ನಾಗಿದೆ ಅಲ್ವಾ?

ಬಹುವಚನ ಸುಲಭ. ಸಾಮಾನ್ಯವಾಗಿ ಸ್ವರದ ನಂತರ ‘ಸ್’, ವ್ಯಂಜನದ ನಂತರ ‘ಎಸ್’. ಆದರೆ ‘ಎಲ್ ಲೂನೆಸ್’, ಅಂದರೆ ಸೋಮವಾರ, ‘ಲೋಸ್ ಲೂನೆಸ್’ ಆಗುತ್ತದೆ, ಪದ ಬದಲಾಗುವುದಿಲ್ಲ.