ಸ್ಪ್ಲೆಂಡರ್ ಪಿಕಪ್ ಹೆಚ್ಚಿಸಲು ಹೋಗಿ ಇದ್ದದ್ದೂ ಹೋಯಿತು, ಏನು ಮಾಡಲಿ?

ಗದ್ದೆಬದಿ, ಮಂಡ್ಯ

ಅಣ್ಣಂದಿರಿಗೆ ನಮಸ್ಕಾರ. ನನ್ನದು 2006ರ ಸ್ಪ್ಲೆಂಡರ್ ಪ್ಲಸ್. ಅಪ್ಪ ಓಡಿಸಿದ ಗಾಡಿ, ಈಗ ನನ್ನ ಕೈಲಿದೆ. ದಿನಾ ಮಂಡ್ಯದಿಂದ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗಿ ಬರುತ್ತೇನೆ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡೋದಿಲ್ಲ, ಸರ್ವೀಸ್ ರಸ್ತೆಯೇ ಗತಿ. ಅಲ್ಲಿ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕರೆ ಓವರ್‌ಟೇಕ್ ಮಾಡಲು ದಮ್ಮೇ ಸಾಲದು. ಅದಕ್ಕೇ ಐದು ಸಾವಿರದೊಳಗೆ ಪಿಕಪ್ ಹೆಚ್ಚಿಸೋಣ ಅಂತ ಹೊರಟೆ.

ಏರ್ ಫಿಲ್ಟರ್ ಡಬ್ಬ ಬಿಚ್ಚಿಸಿ ಕೋನ್ ಆಕಾರದ ಫಿಲ್ಟರ್ ಹಾಕಿಸಿದೆ. ಹೊಗೆ ತಡೆಯಿಲ್ಲದೆ ಹೋಗಲಿ ಅಂತ ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿದೆ. ಎರಡೂ ಸೇರಿ 2,300 ಆಯಿತು. ಮೊದಲ ದಿನ ಸೌಂಡ್ ಕೇಳಿ ಖುಷಿಯೋ ಖುಷಿ. ಆಮೇಲೆ ನೋಡಿದರೆ ಮೊದಲು 85 ಮುಟ್ಟುತ್ತಿದ್ದ ಗಾಡಿ ಈಗ 65ಕ್ಕೇ ನಿಲ್ಲುತ್ತದೆ. ಆಕ್ಸಲರೇಟರ್ ಬಿಟ್ಟರೆ ಸೈಲೆನ್ಸರ್‌ನಲ್ಲಿ ಪಟ್ ಪಟ್ ಅನ್ನುತ್ತದೆ. ಇಂಜಿನ್ ಹತ್ತಿರ ಕಾಲಿಡೋಕಾಗಲ್ಲ, ಅಷ್ಟು ಬಿಸಿ. ಮೈಲೇಜ್ 60ರಿಂದ 42ಕ್ಕೆ ಬಂದಿದೆ.

ಹೋದ ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋದೆ. ಸೆಕೆಂಡ್ ಗೇರಲ್ಲೂ ಅರಚುತ್ತದೆ, ಮುಂದೆ ಮಾತ್ರ ಹೋಗಲ್ಲ. "ಮೆಟ್ಟಿಲು ಹತ್ತಿದ್ದರೆ ನಿನಗಿಂತ ಮೊದಲು ಬಂದಿರುತ್ತಿದ್ದೆ" ಅಂದರು ಅಮ್ಮ.

ಕೈಲಿ ಇನ್ನು 2,700 ಇದೆ. ದೊಡ್ಡ ಕಾರ್ಬುರೇಟರ್ ಹಾಕಿಸಲಾ, ಸಿಲಿಂಡರ್ ಕೊರೆದು ಅಗಲ ಮಾಡೋ ಬೋರ್ ಮಾಡಿಸಲಾ? ಗೊತ್ತಿರೋರು ಹೇಳಿ.

ಎರಡುಸ್ಟ್ರೋಕು, ಮೈಸೂರು

ಬೋರ್ ಮಾಡಿಸು ಗುರು. ಸಿಲಿಂಡರಿಗೆ ಗಾಳಿ, ಹೊಗೆ ಹೋಗಿ ಬರೋ ಪೋರ್ಟ್ ಕೂಡ ಪಾಲಿಶ್ ಮಾಡಿಸು. ನನ್ನ ಯಮಹಾ ಆರ್‌ಎಕ್ಸ್ 100ಕ್ಕೆ ಅದನ್ನೇ ಮಾಡಿಸಿದ್ದು, ಎದ್ದುಬಿಡುತ್ತೆ ಗಾಡಿ.

ಹಳೇಪಿಸ್ಟನ್, ಯಾದವಗಿರಿ

ತಮ್ಮ, ಇನ್ನೊಂದು ರೂಪಾಯಿ ಖರ್ಚು ಮಾಡಬೇಡ. ಮೊದಲು ಕೂತು ಯೋಚನೆ ಮಾಡೋಣ.

ಆರ್‌ಎಕ್ಸ್ ಅಣ್ಣನ ಮಾತು ಅವರ ಗಾಡಿಗೆ ಸರಿ. ಅದೂ 98 ಸಿಸಿ, ನಿನ್ನದೂ 97.2 ಸಿಸಿ. ಆದರೆ ಅದು 11 ಕುದುರೆ ಎಳೆಯುತ್ತಿತ್ತು, ನಿನ್ನದು ಏಳೂವರೆ ಆಸುಪಾಸು. ಅದರ ಎರಡು ಸ್ಟ್ರೋಕ್ ಇಂಜಿನ್ ಸುತ್ತಿಗೊಂದು ಸಲ ಉರಿಯುತ್ತದೆ, ನಿನ್ನ ನಾಲ್ಕು ಸ್ಟ್ರೋಕಿನದು ಎರಡು ಸುತ್ತಿಗೊಂದು ಸಲ. ಎರಡು ಸ್ಟ್ರೋಕಿನಲ್ಲಿ ಪೋರ್ಟನ್ನೋ ಸೈಲೆನ್ಸರನ್ನೋ ಸ್ವಲ್ಪ ಮುಟ್ಟಿದರೂ ಇಂಜಿನ್ನಿನ ಗುಣವೇ ಬದಲಾಗುತ್ತದೆ. ನಮ್ಮ ಯಾದವಗಿರಿಯಲ್ಲಿ 1996ರವರೆಗೆ ಜಾವಾ, ಯೆಜ್ಡಿ ತಯಾರಾಗುತ್ತಿದ್ದವಲ್ಲ, ಆ ಗಾಡಿಗಳ ಜೊತೆ ಬೆಳೆದವರಿಗೆಲ್ಲ ಈ ಹುಚ್ಚು ಇತ್ತು. ನನಗೂ ಇತ್ತು. ಆ ಬುದ್ಧಿ ಸ್ಪ್ಲೆಂಡರ್‌ಗೆ ನಡೆಯೋದಿಲ್ಲ.

ಬೋರ್ ವಿಚಾರ ಲೆಕ್ಕ ಹಾಕು. ನಿನ್ನ ಬೋರ್ 50 ಮಿ.ಮೀ. ಕೊನೇ ಓವರ್‌ಸೈಜ್ ಅಂದರೆ ಪೂರ್ತಿ ಒಂದು ಮಿ.ಮೀ. ಜಾಸ್ತಿ, 51. ಆಗ 97.2 ಹೋಗಿ 101 ಸಿಸಿ ಆಗುತ್ತದೆ. ನೂರಕ್ಕೆ ನಾಲ್ಕು. ಹೊಗೆ ಬರುತ್ತಿದ್ದರೆ ಬೋರ್ ಮಾಡಿಸಬೇಕು, ಪಿಕಪ್ಪಿಗಲ್ಲ.

ಇನ್ನು 85 ಮುಟ್ಟುತ್ತಿದ್ದ ಗಾಡಿ 65ಕ್ಕೆ ಬಂತು ಅಂದರೆ ಅದು ಸಣ್ಣ ವಿಷಯ ಅಲ್ಲ. ಆ ವೇಗದಲ್ಲಿ ಹೆಚ್ಚಿನ ಕೆಲಸ ಗಾಳಿ ಸೀಳೋದೇ, ಅದಕ್ಕೆ ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಬರೀ ಗಾಳಿ ಲೆಕ್ಕ ಹಿಡಿದರೆ 85ಕ್ಕೆ ಬೇಕಾದ್ದರಲ್ಲಿ ಅರ್ಧಕ್ಕಿಂತ ಕಮ್ಮಿ ಸಾಕು 65ಕ್ಕೆ. ಅಂದರೆ ಅರ್ಧ ಶಕ್ತಿ ಎಲ್ಲೋ ಸೋರಿ ಹೋಗುತ್ತಿದೆ. ಬರೀ ಫಿಲ್ಟರ್, ಸೈಲೆನ್ಸರ್‌ನಿಂದ ಇಷ್ಟು ಹೋಗಲ್ಲ.

ನೀನು "ಅರಚುತ್ತದೆ, ಮುಂದೆ ಹೋಗಲ್ಲ" ಅಂದೆಯಲ್ಲ, ನನಗೆ ಅನುಮಾನ ಅಲ್ಲೇ. ಒಂದು ಕೆಲಸ ಮಾಡು. ಖಾಲಿ ರಸ್ತೆಯಲ್ಲಿ ಫೋರ್ತ್ ಗೇರಿಗೆ ಹಾಕಿ 40ರಲ್ಲಿ ಹೋಗು. ಸ್ವಲ್ಪ ಏರು ಇದ್ದರೆ ಒಳ್ಳೆಯದು. ಒಮ್ಮೆಲೇ ಫುಲ್ ರೇಸ್ ಕೊಡು. ಇಂಜಿನ್ ಸದ್ದೂ ಸ್ಪೀಡೋಮೀಟರ್ ಮುಳ್ಳೂ ಜೊತೆಯಲ್ಲೇ ನಿಧಾನಕ್ಕೆ ಏರಬೇಕು. ಸದ್ದು ಮಾತ್ರ ಹಾರಿ ಮುಳ್ಳು ಅಲ್ಲೇ ಕೂತರೆ ಕ್ಲಚ್ ಜಾರುತ್ತಿದೆ ಅಂತ. ಹಾಗೇ ಪ್ಲಗ್ ಬಿಚ್ಚಿ ತುದಿ ಯಾವ ಬಣ್ಣ ಇದೆ ನೋಡು. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸು, ಎಷ್ಟು ಸುತ್ತು ಹೋಗುತ್ತೆ ಹೇಳು. ಇತ್ತೀಚೆಗೆ ಬೇರೆ ಏನೇನು ಬದಲಾಯಿಸಿದೆ, ಅದನ್ನೂ ಮುಚ್ಚಿಡದೆ ಹೇಳು.

ಕಾನೂನುಕಟ್ಟೆ, ಶ್ರೀರಂಗಪಟ್ಟಣ

ಸೈಲೆನ್ಸರ್ ಬಗ್ಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ರೂಪ ಮನಸ್ಸಿಗೆ ಬಂದಂತೆ ಬದಲಾಯಿಸುವ ಹಾಗಿಲ್ಲ. ಆಕ್ಸಿಡೆಂಟ್ ಆದರೆ ಇನ್ಶೂರೆನ್ಸ್‌ನವರು ಮೊದಲು ಹುಡುಕೋದೂ ಇದನ್ನೇ. ಸುಮ್ನೆ ಯಾಕೆ ತಲೆನೋವು.

ಗದ್ದೆಬದಿ, ಮಂಡ್ಯ

ಅಣ್ಣ, ಎಲ್ಲಾ ನೋಡಿದೆ.

ಫೋರ್ತ್ ಗೇರಲ್ಲಿ 40ರಲ್ಲಿ ರೇಸ್ ಕೊಟ್ಟೆ. ಸದ್ದು ಒಮ್ಮೆಲೇ ಹಾರಿತು, ಮುಳ್ಳು 40 ಬಿಟ್ಟು ಅಲ್ಲಾಡಲಿಲ್ಲ. ಎರಡು ಸಲ ಮಾಡಿದೆ, ಎರಡೂ ಸಲ ಹಾಗೇ. ಪ್ಲಗ್ ತುದಿ ಬಿಳಿ, ಸುಣ್ಣ ಹಚ್ಚಿದ ಹಾಗಿದೆ. ಹಿಂದಿನ ಚಕ್ರ ಜೋರಾಗಿ ತಳ್ಳಿದರೂ ಒಂದು ಸುತ್ತು ಮುಗಿಯೋದರೊಳಗೆ ನಿಲ್ಲುತ್ತದೆ.

ಬೇರೆ ಏನೂ ಬದಲಾಯಿಸಿಲ್ಲ. ಹಾಂ, ಆಯಿಲ್ ಬದಲಾಯಿಸಿದೆ. ಮಾವನ ಕಾರಿಗೆ ಹಾಕಿ ಉಳಿದಿದ್ದ ಫುಲ್ ಸಿಂಥೆಟಿಕ್ ಆಯಿಲ್ ಇತ್ತು, ದುಬಾರಿದು. ಅದನ್ನೇ ಹಾಕಿದೆ, ಇಂಜಿನ್ ಸ್ಮೂತ್ ಆಗುತ್ತೆ ಅಂತ. ಅದರಲ್ಲೇನೂ ತಪ್ಪಿಲ್ಲ ತಾನೆ?

ಹಳೇಪಿಸ್ಟನ್, ಯಾದವಗಿರಿ

ಅದೇ ಕಣಪ್ಪ ಕಳ್ಳ!

ಕಾರಿನಲ್ಲಿ ಇಂಜಿನ್ ಆಯಿಲ್ ಇಂಜಿನ್ನಿಗೆ ಮಾತ್ರ. ನಿನ್ನ ಬೈಕಿನಲ್ಲಿ ಅದೇ ಆಯಿಲಿನಲ್ಲಿ ಗೇರ್ ಬಾಕ್ಸೂ ಮುಳುಗಿರುತ್ತದೆ, ಕ್ಲಚ್ಚೂ ಮುಳುಗಿರುತ್ತದೆ. ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಕಚ್ಚಿ ಹಿಡಿದರೆ ತಾನೆ ಚಕ್ರಕ್ಕೆ ಶಕ್ತಿ ಹೋಗೋದು? ಕಾರಿನ ತೆಳು ಆಯಿಲುಗಳಲ್ಲಿ ಉಜ್ಜಾಟ ಕಮ್ಮಿ ಮಾಡಲು ಅಂತಲೇ ರಾಸಾಯನಿಕ ಬೆರೆಸಿರುತ್ತಾರೆ, ಪೆಟ್ರೋಲ್ ಉಳಿಸಲಿ ಅಂತ. ಕಾರಿಗೆ ಅದು ಅಮೃತ. ನಿನ್ನ ಕ್ಲಚ್ಚಿಗೆ ಬಾಳೆಹಣ್ಣಿನ ಸಿಪ್ಪೆ ಮೇಲೆ ನಿಲ್ಲಿಸಿದ ಹಾಗೆ. ಬೈಕಿನ ಆಯಿಲ್ ಡಬ್ಬಿ ಹಿಂದೆ "ಜಾಸೋ ಎಂಎ" ಅಂತ ಬರೆದಿರುತ್ತೆ ನೋಡು. ಹೀಗೆ ಮುಳುಗಿರುವ ಕ್ಲಚ್ಚಿಗೆ ಆಗುತ್ತೆ ಅಂತ ಅದರ ಅರ್ಥ. "ಎಂಬಿ" ಅಂತ ಇದ್ದರೆ ಅದು ಸ್ಕೂಟರಿಗೆ, ತಗೋಬೇಡ.

ಈಗ ಕ್ರಮವಾಗಿ ಹೋಗು. ಗಾಡಿ ಬಿಸಿ ಇದ್ದಾಗಲೇ ಆ ಆಯಿಲ್ ಪೂರ್ತಿ ಇಳಿಸು, ಅರ್ಧ ಗಂಟೆ ಸೋರಲಿ. ಬೈಕಿನ 10ಡಬ್ಲ್ಯೂ-30 ಹಾಕು. ನೂರು ಕಿ.ಮೀ. ಓಡಿಸಿ ಮತ್ತೆ ಅದೇ ಪರೀಕ್ಷೆ ಮಾಡು. ಜಾರೋದು ನಿಂತರೆ ಪ್ಲೇಟ್ ಉಳಿಯಿತು. ನಿಲ್ಲದಿದ್ದರೆ ಪ್ಲೇಟ್ ಸುಟ್ಟಿದೆ ಅಂತ, ಬದಲಾಯಿಸು. ಹೊಸ ಪ್ಲೇಟನ್ನು ಒಣಗಿದ್ದ ಹಾಗೇ ಹಾಕಬೇಡ, ರಾತ್ರಿಯೆಲ್ಲ ಆಯಿಲಿನಲ್ಲಿ ನೆನೆಸು. ಕ್ಲಚ್ ಲಿವರ್ ತುದಿಯಲ್ಲಿ ಒಂದೂವರೆ ಸೆಂಟಿಮೀಟರ್ ಸಡಿಲ ಇರಲಿ. ಕೇಬಲ್ ಬಿಗಿಯಾಗಿದ್ದರೆ ಹೊಸ ಪ್ಲೇಟೂ ಜಾರುತ್ತದೆ.

ಪ್ಲಗ್ ಬಿಳಿ ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ನಿನ್ನ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡೋ ಜೆಟ್ಟಿನ ತೂತು ಹಳೇ ಫಿಲ್ಟರ್ ಡಬ್ಬಕ್ಕೆ ಲೆಕ್ಕ ಹಾಕಿ ಕೊರೆದದ್ದು. ಡಬ್ಬ ತೆಗೆದೆ, ಗಾಳಿ ನುಗ್ಗಿತು. ತೂತು ಮಾತ್ರ ಅಷ್ಟೇ ಉಳಿಯಿತು. ಪಟ್ ಪಟ್ ಸದ್ದು, ಬಿಸಿ, ಎರಡಕ್ಕೂ ಇದೇ ಕಾರಣ. ಸೈಲೆನ್ಸರ್ ಜಾಯಿಂಟಿನ ಗ್ಯಾಸ್ಕೆಟ್ ಕೂಡ ಸೋರುತ್ತಿರಬಹುದು. ಜೆಟ್ ದೊಡ್ಡದು ಮಾಡಿ ಸರಿಹೊಂದಿಸಬಹುದು, ಆದರೆ ಸಿಗೋದು ಅಷ್ಟಕ್ಕಷ್ಟೇ. ಕಬ್ಬಿನ ಕಟಾವಿನ ಕಾಲದಲ್ಲಿ ನಿಮ್ಮ ಕಡೆ ರಸ್ತೆ ಧೂಳು ಬೇರೆ. ಆ ಕೋನ್ ಫಿಲ್ಟರಿನಲ್ಲಿ ಆ ಧೂಳು ಪಿಸ್ಟನ್ ತಲುಪಿದರೆ ಆಗ ನಿಜವಾಗಲೂ ಬೋರ್ ಮಾಡಿಸಬೇಕಾಗುತ್ತೆ. ಹಳೇ ಡಬ್ಬ ಇಟ್ಟಿದ್ದೀಯಾ, ಗುಜರಿಗೆ ಹಾಕಿದೆಯಾ?

ಚೈನ್‌ಸಡ್ಲು, ಮದ್ದೂರು

ಹಿಂದಿನ ಬ್ರೇಕು ಹಿಡಿದುಕೊಂಡಿದೆ ಬ್ರೋ. ಮಳೆಗಾಲ ಆದಮೇಲೆ ಡ್ರಮ್ ಒಳಗೆ ಬ್ರೇಕ್ ಶೂ ತಳ್ಳೋ ಕ್ಯಾಮ್ ತುಕ್ಕು ಹಿಡಿದು ವಾಪಸ್ ಬರಲ್ಲ. ಚಕ್ರ ಬಿಚ್ಚಿ ಕ್ಯಾಮ್ ತೆಗೆದು, ಎಮರಿ ಪೇಪರಲ್ಲಿ ಉಜ್ಜಿ, ಚೂರೇ ಚೂರು ಗ್ರೀಸ್ ಹಾಕು. ಜಾಸ್ತಿ ಹಾಕಿದರೆ ಶೂಗೆ ತಾಗಿ ಬ್ರೇಕೇ ಹಿಡಿಯಲ್ಲ. ಟೈರಲ್ಲಿ ಗಾಳಿ ಮುಂದೆ 25, ಹಿಂದೆ ಒಬ್ಬನೇ ಆದರೆ 28, ಅಮ್ಮನನ್ನು ಕೂರಿಸಿಕೊಂಡರೆ 41. ಗಾಳಿ ಹಾಕುವವರು ಕೇಳದೇ ಎರಡಕ್ಕೂ 30 ತುಂಬುತ್ತಾರೆ.

ಎರಡುಸ್ಟ್ರೋಕು, ಮೈಸೂರು

ಈಗ ಬರೋ ಪೆಟ್ರೋಲೇ ಸರಿ ಇಲ್ಲ ಗುರು, ಅದನ್ನೂ ಹೇಳಿ.

ಹಳೇಪಿಸ್ಟನ್, ಯಾದವಗಿರಿ

ಅದೂ ಸ್ವಲ್ಪ ಇದೆ. ಈಗ ಬಂಕಿನಲ್ಲಿ ಸಿಗೋದು ನೂರಕ್ಕೆ 20 ಎಥೆನಾಲ್ ಬೆರೆತದ್ದು. ಲೀಟರಿಗೆ ಹೋಲಿಸಿದರೆ ಎಥೆನಾಲಿನಲ್ಲಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಷ್ಟೇ ಶಕ್ತಿ. ಹಾಗಾಗಿ ಮೈಲೇಜ್ ನೂರಕ್ಕೆ ಆರೇಳು ಇಳಿಯುತ್ತದೆ. ಕಾರ್ಬುರೇಟರ್ ಗಾಡಿಗೆ ಅದನ್ನು ಅರಿತು ಹೊಂದಿಕೊಳ್ಳುವ ಬುದ್ಧಿ ಇಲ್ಲ, ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ನಿನ್ನ ಪ್ಲಗ್ಗಿನ ಬಿಳಿಯಲ್ಲಿ ಅದರ ಪಾಲೂ ಇದೆ. ಮಂಡ್ಯದವನು ಕಬ್ಬನ್ನು ಹಿಂದೆ ಬೀಳಿಸಲು ಹೋದರೆ ಕಬ್ಬು ಟ್ಯಾಂಕಿನೊಳಗೇ ಬಂದು ಕೂತಿದೆ, ನೋಡು! ಹಳೇ ಪೆಟ್ರೋಲ್ ಪೈಪು ಬಿರುಕು ಬಿಟ್ಟಿದ್ದರೆ ಬದಲಾಯಿಸು.

ಬೆಟ್ಟದಲ್ಲಿ ಎಲ್ಲ ಗಾಡಿಗೂ ಸ್ವಲ್ಪ ದಮ್ಮು ಕಮ್ಮಿಯೇ. ಮೈಸೂರು 770 ಮೀಟರ್ ಎತ್ತರದಲ್ಲಿದೆ, ಚಾಮುಂಡಿ ಬೆಟ್ಟದ ತುದಿ ಸುಮಾರು 1,060. ಗಾಳಿ ತೆಳುವಾಗೋದರಿಂದ ಸಮುದ್ರ ಮಟ್ಟಕ್ಕಿಂತ ಮೈಸೂರಿನಲ್ಲೇ ನೂರಕ್ಕೆ ಏಳು, ತುದಿಯಲ್ಲಿ ಹತ್ತರ ಹತ್ತಿರ ಹೋಗುತ್ತದೆ. ಏಳೂವರೆ ಕುದುರೆಯಲ್ಲಿ ಮುಕ್ಕಾಲು ಕುದುರೆ ಬೆಟ್ಟದ ತಾಯಿಗೆ ಕಾಣಿಕೆ ಅಂದುಕೋ.

ಗದ್ದೆಬದಿ, ಮಂಡ್ಯ

ಹತ್ತು ದಿನ ಆಯಿತು, ಬರೆಯೋಕೆ ಪುರುಸೊತ್ತಾಗಲಿಲ್ಲ.

ಆಯಿಲ್ ಬದಲಾಯಿಸಿದೆ. ಜಾರೋದು ಕಮ್ಮಿ ಆಯಿತು, ಪೂರ್ತಿ ನಿಲ್ಲಲಿಲ್ಲ. ಭಾನುವಾರ ಮನೆ ಮುಂದೆ ಗೋಣಿಚೀಲ ಹಾಸಿಕೊಂಡು ಕವರ್ ಬಿಚ್ಚಿದೆ. ಬಿಚ್ಚಿದ ತಕ್ಷಣ ಬಂದ ವಾಸನೆ ಇನ್ನೂ ಮೂಗಲ್ಲಿದೆ. ಕೂದಲು ಸುಟ್ಟ ಹಾಗೆ. ಪ್ಲೇಟುಗಳ ಮೇಲೆ ಸಣ್ಣ ಸಣ್ಣ ಚೌಕ ಚೌಕ ಇರುತ್ತಲ್ಲ, ಅದೆಲ್ಲ ಕರ್ರಗಾಗಿ ಗಾಜಿನ ಥರ ಹೊಳೆಯುತ್ತಿತ್ತು. ಉಗುರಲ್ಲಿ ಕೆರೆದರೆ ಪುಡಿ ಪುಡಿ. ನಡುವಿನ ಉಕ್ಕಿನ ಪ್ಲೇಟು ಒಂದರಲ್ಲಿ ನೀಲಿ ಮಚ್ಚೆ ಬಿದ್ದಿತ್ತು. ಅದನ್ನೂ ಬದಲಾಯಿಸಿದೆ. ಹೊಸ ಪ್ಲೇಟುಗಳನ್ನು ಅಮ್ಮನ ಹಳೇ ಸ್ಟೀಲ್ ಡಬ್ಬಿಯಲ್ಲಿ ಆಯಿಲ್ ಹಾಕಿ ನೆನೆಸಿಟ್ಟೆ. ಬೆಳಗ್ಗೆ ಅಮ್ಮ ಉಪ್ಪಿನಕಾಯಿ ಅಂತ ಮುಚ್ಚಳ ತೆಗೆದು ನೋಡಿ ಕಿರುಚಿದರು.

ಬ್ರೇಕ್ ಕ್ಯಾಮ್ ಮದ್ದೂರಿನ ಅಣ್ಣ ಹೇಳಿದ ಹಾಗೇ ತುಕ್ಕು ಹಿಡಿದಿತ್ತು. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ತೆಗೆಯಬೇಕಾಯಿತು. ಈಗ ಚಕ್ರ ತಳ್ಳಿದರೆ ನಾಲ್ಕೈದು ಸುತ್ತು ಹೋಗುತ್ತೆ. ಫಿಲ್ಟರ್ ಡಬ್ಬ ಪುಣ್ಯಕ್ಕೆ ಅಟ್ಟದ ಮೇಲಿತ್ತು. ಹಳೇ ಸೈಲೆನ್ಸರ್ ಕೂಡ ವಾಪಸ್ ಹಾಕಿದೆ, ಹೊಸ ಗ್ಯಾಸ್ಕೆಟ್ ಜೊತೆ.

ಖರ್ಚು: ಆಯಿಲ್ ಎರಡು ಸಲ 760, ಕ್ಲಚ್ ಪ್ಲೇಟುಗಳು 640, ಫಿಲ್ಟರ್, ಪ್ಲಗ್, ಗ್ಯಾಸ್ಕೆಟ್ ಎಲ್ಲ ಸೇರಿ 410. ಒಟ್ಟು 1,810.

ನಿನ್ನೆ ಸರ್ವೀಸ್ ರಸ್ತೆಯಲ್ಲಿ 83 ತೋರಿಸಿತು. ಪಟ್ ಪಟ್ ಇಲ್ಲ. ಸಂಜೆ ಅಮ್ಮನನ್ನು ಕೂರಿಸಿಕೊಂಡು ಬೆಟ್ಟಕ್ಕೆ ಹೋದೆ. ಹೋದ ಸಲ ಸೆಕೆಂಡಲ್ಲೂ ಒದ್ದಾಡಿದ ತಿರುವನ್ನು ಈ ಸಲ ಥರ್ಡಲ್ಲೇ ಹತ್ತಿತು. ನಂದಿ ಹತ್ತಿರ ಅಮ್ಮ ನಿಲ್ಲಿಸು ಅಂದರು. ಗಾಡಿ ಕೆಟ್ಟಿತೇನೋ ಅಂತ ಎದೆ ಧಸಕ್ ಅಂತು. ಅವರಿಗೆ ಕಡ್ಲೆಕಾಯಿ ಬೇಕಿತ್ತಂತೆ.

ಒಂದು ಅನುಮಾನ ಉಳಿದಿದೆ. ಇನ್ನೂ 890 ಇದೆ. ಓವರ್‌ಟೇಕ್‌ಗೆ ಇನ್ನೊಂಚೂರು ಬೇಕು ಅಂದರೆ?

ಹಳೇಪಿಸ್ಟನ್, ಯಾದವಗಿರಿ

ಬಿಡಲ್ಲ ನೀನು! ಇರಲಿ, ಆ ದುಡ್ಡಿಗೆ ಆಗೋದು ಒಂದಿದೆ. ಹಿಂದಿನ ಚೈನ್ ಸ್ಪ್ರಾಕೆಟ್ಟಿನ ಹಲ್ಲು ಎಣಿಸು. 42 ಇದ್ದರೆ 44ರದ್ದು ಹಾಕಿಸು. ಎಲ್ಲ ಗೇರಿನಲ್ಲೂ ಎಳೆತ ನೂರಕ್ಕೆ ಐದರಷ್ಟು ಹೆಚ್ಚುತ್ತದೆ, ಡಬಲ್ಸ್ ಹೋಗುವಾಗ ಗೊತ್ತಾಗುತ್ತೆ. ಅದೇ ವೇಗಕ್ಕೆ ಇಂಜಿನ್ ಅಷ್ಟೇ ಜಾಸ್ತಿ ತಿರುಗಬೇಕಾದ್ದರಿಂದ ಮೈಲೇಜ್ ಒಂಚೂರು ಹೋಗುತ್ತೆ. ಆದರೆ ಈಗಲೇ ಬೇಡ. ಈಗಿನ ಚೈನ್ ಹೇಗಿದೆ? ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಚೈನನ್ನು ಹಿಡಿದು ಹಿಂದಕ್ಕೆ ಎಳೆ. ಹಲ್ಲಿನ ಅರ್ಧ ಕಾಣುವಷ್ಟು ಎದ್ದು ಬಂದರೆ ಚೈನ್ ಸವೆದಿದೆ. ಆಗ ಹೇಗೂ ಪೂರ್ತಿ ಸೆಟ್ ಹಾಕಿಸಬೇಕು, ಆಗಲೇ 44 ಕೇಳು. ಒಂದೇ ಹೊಸದು ಹಾಕಿದರೆ ಹಳೇ ಚೈನ್ ಅದನ್ನು ಮೂರೇ ತಿಂಗಳಲ್ಲಿ ತಿಂದುಹಾಕುತ್ತೆ.

ಗದ್ದೆಬದಿ, ಮಂಡ್ಯ

ಈಗಲೇ ಎಳೆದು ನೋಡಿದೆ ಅಣ್ಣ. ಕಾಲು ಹಲ್ಲು ಕಾಣುತ್ತೆ.

ಹಳೇಪಿಸ್ಟನ್, ಯಾದವಗಿರಿ

ಹಾಗಾದರೆ ಇನ್ನು ಆರು ತಿಂಗಳು ಸುಮ್ನೆ ಓಡಿಸು. ಆಮೇಲೆ ಬಾ.

ಚೈನ್‌ಸಡ್ಲು, ಮದ್ದೂರು

ಬ್ರೋ, ಆ ಕೋನ್ ಫಿಲ್ಟರ್ ಮಾರ್ತೀಯಾ?