ಬೊಗಳದ ನಾಯಿಯನ್ನು ಚಿತ್ರದಲ್ಲಿ ತೋರಿಸೋದು ಹೇಗೆ?

ಹಳೇ ಓದುಗ:
ಷರ್ಲಾಕ್ ಹೋಮ್ಸ್ ಕಥೆಗಳನ್ನು ಮಕ್ಕಳಿಗಾಗಿ ಗ್ರಾಫಿಕ್ ಕಾದಂಬರಿ ಮಾಡುವುದು ನನಗೆ ಯಾಕೋ ಸರಿ ಬರುತ್ತಿಲ್ಲ. ಪತ್ತೇದಾರಿ ಕಥೆಯ ಮಜಾ ಇರುವುದೇ ಏನು ಹೇಳಬೇಕು, ಏನು ಮುಚ್ಚಿಡಬೇಕು ಅನ್ನುವುದರಲ್ಲಿ. ಚಿತ್ರ ಬಂತು ಅಂದರೆ ಎಲ್ಲ ಬಯಲು. ಮೊನ್ನೆ ಅಂಗಡಿಯಲ್ಲಿ ‘ಸ್ಪೆಕಲ್ಡ್ ಬ್ಯಾಂಡ್’ ಕಥೆಯ ಕಾಮಿಕ್ಸ್ ನೋಡಿದೆ. ಮುಖಪುಟದಲ್ಲೇ ಹೆಡೆ ಎತ್ತಿದ ಹಾವು! ಒಳಗಿಂದ ಚಿಲಕ ಹಾಕಿಕೊಂಡು ಮಲಗಿದ್ದ ಹುಡುಗಿ ಸತ್ತಿದ್ದು ಹೇಗೆ ಅನ್ನುವುದೇ ಕಥೆ. ಉತ್ತರವನ್ನು ರಟ್ಟಿನ ಮೇಲೆ ಅಚ್ಚು ಹಾಕಿದರೆ ಒಳಗೆ ಓದಲು ಏನು ಉಳಿಯಿತು?

ಲೈಬ್ರರಿ ಮೇಡಂ:
ಈ ಥ್ರೆಡ್ ಓದುವ ಮಕ್ಕಳಿಗೆ ನೀವೂ ಈಗ ಗುಟ್ಟು ಬಿಟ್ಟುಕೊಟ್ಟಿರಲ್ಲ ಸರ್ 😄

ಮುಖಪುಟ ಕೆಟ್ಟದ್ದು, ಒಪ್ಪಿದೆ. ಅದಕ್ಕೆ ಪ್ರಕಾರವನ್ನೇ ಯಾಕೆ ಬೈಯಬೇಕು? ಅದೇ ಕಥೆಯ ಸುಳಿವು ನೋಡಿ. ಎಳೆದರೂ ಬಾರಿಸದ ಗಂಟೆಯ ಹಗ್ಗ. ಹೊರಗಿನ ಗಾಳಿ ತರದೆ ಪಕ್ಕದ ಕೋಣೆಗೆ ತೆರೆದುಕೊಂಡ ಗಾಳಿಕಿಂಡಿ. ನೆಲಕ್ಕೆ ಬಿಗಿದ ಮಂಚ. ಗದ್ಯದಲ್ಲಿ ಇವನ್ನು ಹೋಮ್ಸ್ ಒಂದೊಂದಾಗಿ ಬೆರಳಿಟ್ಟು ತೋರಿಸಬೇಕು. ಚಿತ್ರದಲ್ಲಾದರೆ ಸುಮ್ನೆ ಕೋಣೆಯ ಮೂಲೆಯಲ್ಲಿ ಇಟ್ಟು ಬಿಡಬಹುದು. ನಮ್ಮ ಲೈಬ್ರರಿಯಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಹೋಮ್ಸ್‌ಗಿಂತ ಮೊದಲೇ ಮಂಚದ ಕಾಲು ಹಿಡಿದಳು. ಪುಟ ಹಿಂದೆ ತಿರುಗಿಸಿ ‘ಇಲ್ಲೂ ಇದೆ ನೋಡಿ ಮೇಡಂ’ ಅಂತ ತೋರಿಸಿದಳು.

ಗೆರೆ ಎಳೆಯುವವನು:
ನಾನು ಕಾಮಿಕ್ಸ್ ಬಿಡಿಸುತ್ತೇನೆ, ಹಾಗಾಗಿ ಎರಡೂ ಕಡೆ ಸ್ವಲ್ಪ ಸ್ವಲ್ಪ ಒಪ್ಪುತ್ತೇನೆ. ಹಾವಿನ ಕಥೆ ಸುಲಭ, ಅಲ್ಲಿ ಸುಳಿವೆಲ್ಲ ವಸ್ತುಗಳು. ನಿಜವಾದ ತಲೆನೋವು 1892ರ ‘ಸಿಲ್ವರ್ ಬ್ಲೇಜ್’. ರೇಸ್ ಕುದುರೆ ಕಾಣೆಯಾಗಿದೆ, ಅದರ ತರಬೇತುದಾರ ಸ್ಟ್ರೇಕರ್ ಬಯಲಲ್ಲಿ ಸತ್ತು ಬಿದ್ದಿದ್ದಾನೆ. ಅಲ್ಲಿ ಸುಳಿವೇ ‘ನಾಯಿ ಬೊಗಳಲಿಲ್ಲ’ ಅನ್ನುವುದು, ಅಂದರೆ ರಾತ್ರಿ ಬಂದವನು ಅದಕ್ಕೆ ಗೊತ್ತಿದ್ದವನೇ. ನಡೆಯದೇ ಇದ್ದದ್ದನ್ನು ಹೇಗೆ ಬಿಡಿಸಲಿ? ಲಾಯದ ರಾತ್ರಿಯ ಚಿತ್ರದಲ್ಲಿ ನಾಯಿ ನೆಮ್ಮದಿಯಾಗಿ ಮಲಗಿದ್ದರೆ ಚುರುಕು ಮಕ್ಕಳು ಅಲ್ಲೇ ಹಿಡಿಯುತ್ತಾರೆ. ನಾಯಿಯನ್ನೇ ಬಿಟ್ಟರೆ ಓದುಗರಿಗೆ ಮೋಸ.

ನನಗೆ ಹೊಳೆದ ದಾರಿ ಇದು. ಆ ರಾತ್ರಿಯ ವಿಷಯ ಹೋಮ್ಸ್ ಗೆಳೆಯ, ಕಥೆ ಹೇಳುವ ವಾಟ್ಸನ್‌ಗೆ ಗೊತ್ತಾಗುವುದು ರೈಲಿನಲ್ಲಿ ಹೋಮ್ಸ್ ಹೇಳಿದಾಗ. ಹಾಗಾಗಿ ಹೋಮ್ಸ್ ಬಾಯಲ್ಲಿ ಬಂದಷ್ಟನ್ನೇ ಬಿಡಿಸುವುದು. ಸಂಜೆ ಅಪರಿಚಿತನೊಬ್ಬ ಬಂದಾಗ ಕಾವಲು ಹುಡುಗ ನಾಯಿ ಬಿಡಲು ಓಡುತ್ತಾನೆ. ಅಲ್ಲಿ ನಾಯಿ ದೊಡ್ಡದಾಗಿ, ಹಲ್ಲು ಕಿರಿದುಕೊಂಡು ಬರಲಿ. ರಾತ್ರಿಗೆ ಬರೀ ಕತ್ತಲು, ಮೇಲಿನ ಅಟ್ಟದಲ್ಲಿ ಗೊರಕೆ ಹೊಡೆಯುವ ಇಬ್ಬರು ಹುಡುಗರು, ಅಷ್ಟೇ. ಎಲ್ಲರ ಎದುರೇ ಇದೆ, ಆದರೂ ಯಾರೂ ಕೇಳುವುದಿಲ್ಲ: ಇವರಿಗೆ ಎಚ್ಚರ ಯಾಕೆ ಆಗಲಿಲ್ಲ?

ಹಳೇ ಓದುಗ:
ಇದು ಚೆನ್ನಾಗಿದೆ ಗುರುಗಳೇ. ಆದರೆ ಇಷ್ಟು ಯೋಚಿಸಿ ಬಿಡಿಸುವವರು ಎಷ್ಟು ಜನ? ಜಾಸ್ತಿ ಪುಸ್ತಕಗಳಲ್ಲಿ ನಾಲ್ಕು ಪುಟಕ್ಕೊಂದು ಓಟ, ಒಂದು ಹೊಡೆದಾಟ. ಅದೇ ಕಥೆಯಲ್ಲಿ ಹೋಮ್ಸ್ ಕಿಟಕಿಯಾಚೆ 60 ಗಜಕ್ಕೊಂದು ಬರುವ ತಂತಿ ಕಂಬ ನೋಡಿ ರೈಲಿನ ವೇಗ ಗಂಟೆಗೆ 53 ಮೈಲಿ ಚಿಲ್ಲರೆ ಅಂತ ಲೆಕ್ಕ ಹಾಕುತ್ತಾನೆ. ಕಥೆಗೆ ಅದರಿಂದ ಏನೂ ಆಗಬೇಕಿಲ್ಲ, ಆದರೆ ಆ ಮನುಷ್ಯ ಎಂಥವನು ಅಂತ ಗೊತ್ತಾಗುತ್ತೆ. ಪುಟ ಉಳಿಸಲು ಮೊದಲು ಕತ್ತರಿ ಬೀಳುವುದು ಇಂಥದ್ದಕ್ಕೇ.

ಇನ್ನು ಅಗಾಥಾ ಕ್ರಿಸ್ಟಿಯ 1926ರ ಪತ್ತೇದಾರಿ ಕಾದಂಬರಿ ‘ರೋಜರ್ ಆಕ್ರಾಯ್ಡ್’. ಗುಟ್ಟು ಹೇಳಲ್ಲ. ಓದಿದವರಿಗೆ ಗೊತ್ತು, ಅದನ್ನು ಚಿತ್ರಕ್ಕೆ ತರಲು ಆಗಲ್ಲ.

ಬೆಂಚ್ ನಂಬರ್ 5:
ಅಂಕಲ್, ಅದರ ಕಾಮಿಕ್ಸೂ ಬಂದಿದೆ. ಮೊದಲು ಫ್ರೆಂಚಿನಲ್ಲಿ, 2007ರಲ್ಲಿ ಇಂಗ್ಲಿಷಿನಲ್ಲೂ.

ಮತ್ತೆ ‘ಕಾಮಿಕ್ಸ್ ಓದಿದರೆ ಮುಂದೆ ಮೂಲ ಓದ್ತಾರೆ’ ಅಂತ ಯಾರಾದರೂ ಹೇಳೋಕೆ ಮೊದಲೇ ಹೇಳಿಬಿಡ್ತೀನಿ. ನಾನು ಹೋಮ್ಸ್ ಕಾಮಿಕ್ಸ್ ಅಷ್ಟೇ ಓದಿದ್ದು, ಮೂಲ ಮುಟ್ಟಿಲ್ಲ. ನೀವೆಲ್ಲ ಟೀವಿಯಲ್ಲಿ ನೋಡಿದರೆ ಪರವಾಗಿಲ್ಲ, ನಾವು ಚಿತ್ರದಲ್ಲಿ ಓದಿದರೆ ಮಾತ್ರ ಅರ್ಧ ಓದು ಹೇಗೆ?

ಲೈಬ್ರರಿ ಮೇಡಂ:
ಸರಿಯಾಗಿ ಕೇಳಿದೆ ಕಣಪ್ಪ. ಹೋಮ್ಸ್‌ಗೆ ಚಿತ್ರ ಈಗ ಅಂಟಿಸಿದ್ದೇನೂ ಅಲ್ಲ. 1891ರಲ್ಲಿ ‘ಸ್ಟ್ರ್ಯಾಂಡ್’ ಪತ್ರಿಕೆಯಲ್ಲಿ ಈ ಸಣ್ಣಕಥೆಗಳು ಶುರುವಾದಾಗಲೇ ಸಿಡ್ನಿ ಪ್ಯಾಜೆಟ್ ಚಿತ್ರ ಬಿಡಿಸುತ್ತಿದ್ದರು. ಎಲ್ಲರಿಗೂ ಗೊತ್ತಿರುವ ಆ ಕಿವಿ ಮುಚ್ಚುವ ಬೇಟೆ ಟೋಪಿ ಅವರ ಕೈಯದು. ಅವರು ಅದನ್ನು ಮೊದಲು ಬಿಡಿಸಿದ ಕಥೆಯಲ್ಲಿ ಲೇಖಕ ಆರ್ಥರ್ ಕಾನನ್ ಡಾಯ್ಲ್ ಬರೆದಿದ್ದು ಬರೀ ತಲೆಗೆ ಬಿಗಿಯಾದ ಬಟ್ಟೆ ಟೋಪಿ ಅಂತ.

ಇಬ್ಬರು ಮಕ್ಕಳ ಅಪ್ಪ:
ಟೋಪಿ ಇರಲಿ, ಸೂಜಿ ಏನು ಮಾಡ್ತೀರಿ? 1890ರ ‘ಸೈನ್ ಆಫ್ ಫೋರ್’ ಶುರುವಾಗುವುದೇ ಹೋಮ್ಸ್ ಕೈಗೆ ಕೊಕೇನ್ ಚುಚ್ಚಿಕೊಳ್ಳುವುದರಿಂದ. ಓದುವಾಗ ಒಂದು ಪ್ಯಾರಾ, ದಾಟಿ ಹೋಗುತ್ತೆ. ಚಿತ್ರದಲ್ಲಿ ಅದು ಮೊದಲ ಪುಟ. ನನ್ನ ಮಗನಿಗೆ ಹತ್ತು ವರ್ಷ.

ಗೆರೆ ಎಳೆಯುವವನು:
ಹತ್ತು ವರ್ಷಕ್ಕೆ ಆ ಕಥೆ ಬೇಡ ಸರ್, ಬೇರೆ ಬೇಕಾದಷ್ಟಿವೆ. ತೆಗೆದುಹಾಕಿ ಸಪ್ಪೆ ಮಾಡುವುದಕ್ಕಿಂತ ಮೂರು ವರ್ಷ ಬಿಟ್ಟು ಕೊಡಿ. ನಿಜ ಹೇಳಬೇಕೆಂದರೆ ಅದರಲ್ಲಿ ನನಗೆ ಸೂಜಿಗಿಂತ ಕಷ್ಟ ಅನ್ನಿಸುವುದು ಅಂಡಮಾನಿನ ಟೊಂಗಾ ಅನ್ನುವ ಪಾತ್ರ. ಡಾಯ್ಲ್ ಅವನನ್ನು ಮನುಷ್ಯನ ಹಾಗೆ ಬರೆದೇ ಇಲ್ಲ. ವಾಟ್ಸನ್ ಅವನನ್ನು ನೋಡಿ ಹೆದರಿದ, ಸರಿ. ಆದರೆ ಓದುಗರಿಗೆ ಕಾಣುವ ಮುಖ ನನ್ನ ಕೈಯದು. ಅಲ್ಲಿ ‘ಮೂಲದಲ್ಲಿ ಹಾಗಿದೆ’ ಅಂತ ನುಣುಚಿಕೊಳ್ಳಲು ಆಗಲ್ಲ.

ಇಬ್ಬರು ಮಕ್ಕಳ ಅಪ್ಪ:
ಅದು ನನಗೆ ಹೊಳೆದೇ ಇರಲಿಲ್ಲ. ಆದರೂ ಪುಸ್ತಕದ ಹಿಂದೆ ವಯಸ್ಸು ಹಾಕಿದರೆ ನಮ್ಮಂಥವರಿಗೆ ಉಪಕಾರ.

ಹಳೇ ಓದುಗ:
ಇದೆಲ್ಲ ಇಂಗ್ಲಿಷ್ ಓದುವ ಮಕ್ಕಳ ಮಾತಾಯ್ತು. ಕನ್ನಡದಲ್ಲಿ ಯಾರು ಮಾಡ್ತಾರೆ?

ಲೈಬ್ರರಿ ಮೇಡಂ:
ಯಾಕೆ ಮಾಡಬಾರದು? ಅಮರ ಚಿತ್ರ ಕಥೆಯಲ್ಲಿ ‘ಕೃಷ್ಣ’ಕ್ಕೆ 11ನೇ ನಂಬರ್ ಯಾಕೆ ಗೊತ್ತಾ? ಅದಕ್ಕೂ ಮೊದಲಿನ ಹತ್ತು ವಿದೇಶಿ ಕಥೆಗಳು. 1960ರ ದಶಕದಲ್ಲೇ ಅವು ಕನ್ನಡದಲ್ಲಿ ಬಂದಿದ್ದವು. ಡಾಯ್ಲ್ ತೀರಿಕೊಂಡಿದ್ದು 1930ರಲ್ಲಿ, ಕಾಪಿರೈಟ್ ತಂಟೆ ಎಂದೋ ಮುಗಿದಿದೆ. ಕ್ರಿಸ್ಟಿ ತೀರಿಕೊಂಡಿದ್ದು 1976ರಲ್ಲಿ. ನಮ್ಮ ಕಾನೂನಿನ 60 ವರ್ಷ ಹಿಡಿದರೆ ಆಕೆಯದಕ್ಕೆ 2036 ಮುಗಿಯುವ ತನಕ ಅನುಮತಿ ಬೇಕು. ಹೋಮ್ಸ್‌ನಿಂದ ಶುರು ಮಾಡಿ.

ಗೆರೆ ಎಳೆಯುವವನು:
ಮಾಡಬಹುದು ಮೇಡಂ. ಆದರೆ ಇಂಗ್ಲಿಷ್ ಪುಟಕ್ಕೆ ಕನ್ನಡ ತುಂಬಿದರೆ ಕೆಡುತ್ತೆ. ಒತ್ತಕ್ಷರ ಕೆಳಗೆ ಇಳಿಯುತ್ತೆ, ಸಾಲುಗಳ ನಡುವೆ ಜಾಗ ಬೇಕು. ಉದ್ದ ಪದ ಮಾತಿನ ಬಲೂನಿನಿಂದ ಹೊರಗೆ ಬರುತ್ತೆ. ಅಕ್ಷರ ಸಣ್ಣ ಮಾಡಿದರೆ ಮಕ್ಕಳ ಕಣ್ಣಿಗೆ ಶಿಕ್ಷೆ. ಮೊದಲಿಂದಲೇ ಕನ್ನಡಕ್ಕೆ ಅಂತ ಪುಟ ಕಟ್ಟಬೇಕು, ಮಾತನ್ನೂ ಇಳಿಸಬೇಕು.

ಹಳೇ ಓದುಗ:
ಮಾತು ಇಳಿಸಿದರೆ ವಾಟ್ಸನ್ ಹೋದ, ಅಷ್ಟೇ.

ಗೆರೆ ಎಳೆಯುವವನು:
ವಾಟ್ಸನ್‌ಗೆ ಚಿತ್ರದ ಮೇಲೆ ಕಥೆ ಹೇಳುವ ಪಟ್ಟಿ ಪೂರ್ತಿ ಬಿಟ್ಟುಕೊಡ್ತೀನಿ ಸರ್. ಬಲೂನ್ ಇಳಿಸುವುದು ಪೊಲೀಸರದ್ದು.

ಬೆಂಚ್ ನಂಬರ್ 5:
ಬೆಲೆ 200 ದಾಟಬಾರದು, ಪ್ಲೀಸ್.